ಸೀಟು ಸಿಕ್ತಾ?

ಉರಿಗಾಂನಲ್ಲಿ ನಮ್ಮ ಗಣಿ ಕಾರ್ಮಿಕರ ಲೈನ್ ಮನೆಗಳ ಹಿಂದೆಯೇ ರೈಲು ಹಳಿ. ಸಂಜೆಯ ರೈಲು ಬಂದರೆ ಗೂಡಿನಲ್ಲಿಟ್ಟ ಲೋಟಗಳು ಕಿಣಿಕಿಣಿ ಅನ್ನುತ್ತವೆ. ಬೆಂಗಳೂರಿಗೆ ಕೆಲಸಕ್ಕೆ ಹೋದವರ ಮನೆಗಳಲ್ಲಿ ಅನ್ನಕ್ಕೆ ಎಸರಿಡುವುದು ಆಗಲೇ. ಪಕ್ಕದ ಮನೆಯಾಕೆ ಮಾತ್ರ ಎಸರಿಡಲು ಗಂಡನ ಫೋನಿಗೆ ಕಾಯುತ್ತಿದ್ದಳು. ಲೋಟಗಳು ಅಲುಗಿ ಸುಮ್ಮನಾದ ಮೇಲೂ ಅವನ ರೈಲು ಇನ್ನೂ ಹಿಂದಿನ ಜಂಕ್ಷನ್ ಬಂಗಾರಪೇಟೆಯಲ್ಲೇ ನಿಂತಿರುತ್ತಿತ್ತು, ಹಾಗಂತ ಅವನು ಹೇಳುತ್ತಿದ್ದ. ಆಕೆ ಕೇಳುತ್ತಿದ್ದುದು ಒಂದೇ: "ಸೀಟು ಸಿಕ್ತಾ?"

ಆಕೆ ಅವನನ್ನು ನಂಬುತ್ತಾಳೋ ಇಲ್ಲವೋ ಎಂಬುದು ನನಗೆ ತೀರದ ಕುತೂಹಲ.

ಒಂದು ದಿನ ಹಳಿ ರಿಪೇರಿಗೆಂದು ಸಂಜೆಯ ರೈಲು ಬೆಂಗಳೂರಿನಿಂದಲೇ ಹೊರಡಲಿಲ್ಲ. ನಾನು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದು, ಅದನ್ನೇ ಆಕೆಗೆ ಹೇಳುತ್ತಾ ಜಗಲಿಯಲ್ಲಿ ಕೂತಿದ್ದೆ. ಆಕೆ ಕನಕಾಂಬರ ಕಟ್ಟುತ್ತಿದ್ದಳು. ಫೋನು ಬಂತು. ಕೈಯಲ್ಲಿ ದಾರವಿದ್ದುದರಿಂದ ಸ್ಪೀಕರಿಗೆ ಹಾಕಿದಳು.

"ರೈಲಲ್ಲೇ ಇವ್ನಿ. ಬಂಗಾರಪೇಟೆಲಿ ನಿಲ್ಸವ್ರೆ, ಲೇಟಾಗ್ತದೆ."

"ಸೀಟು ಸಿಕ್ತಾ?"

"ಸಿಕ್ತು, ಕಿಟಕಿ ಪಕ್ಕ."

"ಚಳಿಗಾಳಿ ಹೊಡೀತದೆ, ಕಿವಿಗೆ ಮಫ್ಲರ್ ಕಟ್ಕೊಳ್ಳಿ."

ನಾನು ಆಕೆಯ ಮುಖವನ್ನೇ ನೋಡಿದೆ. ಆಕೆ ಗಂಟು ಬಿಗಿದು, ಹಲ್ಲಿನಲ್ಲಿ ದಾರ ಕಡಿದು, ನನ್ನತ್ತ ತಿರುಗಿದಳು.

"ಬಸ್ಸಲ್ಲಿ ನಿಮ್ಗಾದ್ರೂ ಸೀಟು ಸಿಕ್ತಾ, ಅಕ್ಕ?"