ಮೂರನೆಯ ಪಾಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎತ್ತು, ಗಾಡಿಯ ಜೊತೆ ಅಜ್ಜಿಯನ್ನೂ ಪಾಲಿಗೆ ಹಾಕಿದರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ ಮಕ್ಕಳೇ. ನಿನ್ನೆ ನೀವು ‘ಡಿವಿಸಿಬಲ್’ ಎಂದರೆ ಪಾಲು ಮಾಡಬಹುದಾದದ್ದು ಎಂದು ಓದುತ್ತಿದ್ದಿರಿ. ಲ್ಯಾಟಿನ್ ಭಾಷೆಯ ‘ಬೇರ್ಪಡಿಸು’ ಎಂಬ ಮಾತಿನಿಂದ ಅದು ಬಂತಂತೆ, ನಮ್ಮ ‘ವಿಧವೆ’ಗೂ ಅದಕ್ಕೂ ಬೇರು ಒಂದೇ ಅಂತೆ. ಎಷ್ಟು ಚೆನ್ನಾಗಿದೆ ಅಂದಿರಿ. ಏನು ಚೆನ್ನ? ನನ್ನ ತಾತ ತೀರಿಕೊಂಡ ಮೇಲೆ ಅಜ್ಜಿಯನ್ನು ಹಾಗೇ ಬೇರ್ಪಡಿಸಿ ಇಟ್ಟಿದ್ದರು.

ಶ್ರೀನಿವಾಸಪುರದ ಪಕ್ಕ ನಮ್ಮ ಮಾವಿನ ತೋಪು. ಮರವೆಲ್ಲ ಹೂ ಬಿಟ್ಟು ಘಮ್ಮೆನ್ನುತ್ತಿತ್ತು. ಅಪ್ಪ, ಚಿಕ್ಕಪ್ಪ ಬೇರೆಯಾಗುವ ದಿನ ಊರ ಹಿರಿಯರು ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದರು. ಅಣ್ಣ ಪಾಲು ಹಾಕಬೇಕು, ತಮ್ಮ ಮೊದಲು ಆರಿಸಬೇಕು. ನಮ್ಮ ಕಡೆಯ ಪದ್ಧತಿ ಅದು. ಅಪ್ಪ ಎಲ್ಲವನ್ನೂ ಎರಡು ಮಾಡಿ, ಕೊನೆಗೆ ದನಿ ತಗ್ಗಿಸಿ, “ಅಮ್ಮ ಇರೋ ಪಾಲಿಗೆ ಬಾವಿ ಪಕ್ಕದ ರಸಪುರಿ ಮರಗಳು ಜಾಸ್ತಿ,” ಅಂದ. ಖರ್ಚಾಗದ ಸಾಮಾನಿನ ಜೊತೆ ಏನಾದರೂ ಬಿಟ್ಟಿ ಕೊಡುತ್ತಾರಲ್ಲ, ಹಾಗೆ!

ಚಿಕ್ಕಪ್ಪ ನೆಲ ನೋಡುತ್ತಾ, “ನಂಗೆ ಇನ್ನೊಂದು ಪಾಲೇ ಸಾಕು,” ಅಂದ. ಹಿರಿಯರು ತಲೆಯಾಡಿಸಿದರು. ಅವರನ್ನೆಲ್ಲ ಜಗಲಿಯಿಂದ ದಬ್ಬಿಬಿಡಬೇಕು ಅನ್ನಿಸಿತು ನನಗೆ.

ಒಳಗೆ ರಾಗಿ ಬೀಸುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕೋಪ ಬಂದರೆ ಅವಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ತೆಲುಗು.

“ಏಮಿರಾ ಇದಿ? ಏನ್ರೋ ಇದು? ನಿಮ್ಮಪ್ಪ ಹೋದ್ರೆ ನಾನೂ ಹೋದೆ ಅನ್ಕಂಡ್ರಾ? ಆ ಗಿಡಗಳಿಗೆ ನೀರು ಹೊತ್ತೋಳು ನಾನು ಕಣ್ರೋ! ಮೂರು ಪಾಲು ಹಾಕಿ. ಮೊದ್ಲು ನಾನೇ ಆರಿಸ್ತೀನಿ.”

“ಹೆಂಗಸ್ರಿಗೆ ಪಾಲು ಎಲ್ಲಾದ್ರೂ ಐತೇನಮ್ಮಾ?” ಅಂದರು ಒಬ್ಬ ಹಿರಿಯರು.

“ಇಲ್ಲೀವರ್ಗೂ ಇರ್ಲಿಲ್ಲ. ಇವತ್ತಿಂದ ಐತೆ.”

ಅಪ್ಪ ಹೊಸದಾಗಿ ಪಾಲು ಹಾಕಲು ಎದ್ದ. ಸಂಜೆಯೊಳಗೆ ಮೂರು ಪಾಲಾಯಿತು. ಅಜ್ಜಿ ಬಾವಿ ಪಕ್ಕದ ಮರಗಳನ್ನೇ ಆರಿಸಿಕೊಂಡಳು. ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದಳು, ಸಾಯುವ ತನಕ ಮಕ್ಕಳ ಮನೆಯ ಮುದ್ದೆ ಮುಟ್ಟಲಿಲ್ಲ.

ನಿಮ್ಮ ಕಾಲಕ್ಕೆ ಹೆಣ್ಣುಮಕ್ಕಳಿಗೂ ಪಾಲು ಕೊಡುವ ಕಾನೂನು ಬಂದಿದೆ. ಆದರೂ ಮೊನ್ನೆ ಊಟಕ್ಕೆ ಕೂತಾಗ ನಿಮ್ಮಪ್ಪ, “ಅಕ್ಕಂಗ್ಯಾಕೆ ತೋಪು? ಬೇಡ ಅಂತ ಸಹಿ ಹಾಕಿಸ್ಬಿಡೋಣ,” ಅಂದ. ನಾನು ತಟ್ಟೆ ಬಿಟ್ಟು ಎದ್ದದ್ದು ಅದಕ್ಕೇ. ತಾತನಿಗೆ ವಯಸ್ಸಾಯಿತು, ಸುಮ್ಮನೆ ಸಿಡುಕುತ್ತಾನೆ ಎಂದುಕೊಂಡಿರಿ. ತೋಪು ಇನ್ನೂ ನನ್ನ ಹೆಸರಲ್ಲೇ ಇದೆ. ಎಲ್ಲಿ, ನಿಮ್ಮತ್ತೆಗೆ ಫೋನ್ ಮಾಡಿಕೊಡಿ. ಬಾ ಮಗಳೇ, ನಿನ್ನ ಪಾಲು ತಗೋ ಅಂತ ಈಗಲೇ ಹೇಳಬೇಕು.