ಔಟ್ ಅಂತ ನಾನು ಅಂದ್ನಾ?

ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಆತುರದಲ್ಲಿ ಇನ್ನೊಂದು ಶೂ ಹುಡುಕುತ್ತಿದ್ದೆ. ಕಪಾಟಿನ ಹಿಂಬದಿಗೆ ಕೈ ಹಾಕಿದಾಗ ಶೂ ಬದಲು ಅಂಗೈಯಗಲದ ಒಂದು ಬ್ರಶ್ ಸಿಕ್ಕಿತು. ಮರದ ಹಿಡಿ, ಒಂದು ಮಗ್ಗುಲಿಗೆ ವಾಲಿದ ಗಟ್ಟಿ ಕೂದಲು. ಮೂಗಿನ ಹತ್ತಿರ ಹಿಡಿದೆ. ಒಣಗಿದ ಕೆಂಪು ಮಣ್ಣು, ಹಳೇ ಚರ್ಮ, ಸನ್‌ಸ್ಕ್ರೀನ್... ಈ ಮೂರೂ ಸೇರಿದ ವಾಸನೆ ನನಗೆ ಗೊತ್ತಿದ್ದ ಒಬ್ಬರಿಗೆ ಮಾತ್ರ ಇತ್ತು. ಅಡಿಲೇಡಿನ ಮನೆಯ ಬಾಗಿಲಲ್ಲಿ ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬರೀ ಸಾಕ್ಸ್ ಹಾಕಿಕೊಂಡು ಹಾಗೇ ನಿಂತುಬಿಟ್ಟೆ.

ಪರ್ತ್‌ನಲ್ಲಿದ್ದಾಗ ವಿಲೆಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು ಆ ಆಂಟಿ. ಹಾಸನದವರು. ಜೂಂಡಲಪ್ ಕಡೆಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆಯಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು, ಸೀರೆ ಬಿಚ್ಚಿಟ್ಟು, ಎದೆಗೆ ಕವಚ, ಮುಖಕ್ಕೆ ಕಬ್ಬಿಣದ ಕಂಬಿಗಳ ಮುಖವಾಡ, ಮೊಣಕಾಲಿನ ಕೆಳಗೆ ಪ್ಯಾಡು ಕಟ್ಟಿಕೊಂಡು ಕಾರು ಹತ್ತುತ್ತಿದ್ದರು. ಅವರನ್ನು ಮೊದಲ ಸಲ ಹಾಗೆ ನೋಡಿದಾಗ, ಪಾಪ, ವಯಸ್ಸಾಯಿತು, ಏನೋ ಹೆಚ್ಚುಕಮ್ಮಿಯಾಗಿದೆ ಎಂದುಕೊಂಡಿದ್ದೆ. ವಿಚಾರಿಸಿದರೆ ಬೇಸ್‌ಬಾಲ್ ಅಂಪೈರ್ ಅಂತೆ! ಮಗ ಚಿಕ್ಕವನಾಗಿದ್ದಾಗ ಅವನನ್ನು ಆಟಕ್ಕೆ ಸೇರಿಸಿ ಬೇಲಿಯಾಚೆ ಕುಳಿತಿರುತ್ತಿದ್ದರಂತೆ. ಒಂದು ದಿನ ಅಂಪೈರ್ ಬರಲಿಲ್ಲ, ಯಾರಾದರೂ ನಿಲ್ಲಿ ಎಂದರಂತೆ, ಇವರು ಎದ್ದು ನಿಂತರಂತೆ. ಕೊನೆಗೆ ಮಗ ಆಟ ಬಿಟ್ಟ, ಅಮ್ಮ ಬಿಡಲಿಲ್ಲ.

ನಮ್ಮ ಕನ್ನಡದವರ ಊಟದ ಕೂಟಗಳಲ್ಲಿ ಗಂಡಸರು ಒಂದು ಮೂಲೆಯಲ್ಲಿ ಕ್ರಿಕೆಟ್ ಮಾತಾಡುವುದು ವಾಡಿಕೆ. ಆಂಟಿ ತಟ್ಟೆ ಹಿಡಿದುಕೊಂಡು ನೇರವಾಗಿ ಆ ಮೂಲೆಗೇ ಹೋಗುತ್ತಿದ್ದರು. ಅಮೆರಿಕದಲ್ಲಿ ಒಬ್ಬ ಪಿಚರ್ ಎಸೆದ ಚೆಂಡಿಗೆ ಅಡ್ಡ ಹಾರಿದ ಪಾರಿವಾಳ ಸಿಕ್ಕಿ ಮೈದಾನದ ತುಂಬಾ ಪುಕ್ಕ ಚೆಲ್ಲಿದ್ದು, ಇನ್ನೊಬ್ಬ ಫೀಲ್ಡರ್ ಹಿಡಿಯಲು ಓಡಿದ ಚೆಂಡು ಅವನ ತಲೆಗೇ ಬಡಿದು, ಪುಟಿದು, ಬೇಲಿ ದಾಟಿ ಎದುರು ತಂಡಕ್ಕೆ ಹೋಮ್ ರನ್, ಅಂದರೆ ಆ ಆಟದ ಸಿಕ್ಸರ್, ಆಗಿದ್ದು... ಹೀಗೆ ಒಂದಾದ ಮೇಲೊಂದು. ಆಂಟಿ ರೀಲು ಬಿಡ್ತಾರೆ ಎಂದು ಗಂಡಸರು ಫೋನ್ ತೆಗೆದು ಹುಡುಕುತ್ತಿದ್ದರು. ಸಿಕ್ಕ ಮೇಲೆ ಫೋನ್ ಜೇಬಿಗಿಳಿಸಿ ಮೊಸರನ್ನಕ್ಕೆ ಕೈ ಹಾಕುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಖುಷಿ.

"ಎಲ್ರೂ ಹಕ್ಕಿ ನೋಡಿ ಅಯ್ಯೋ ಅಂದ್ರು. ನಾನು ಅಂಪೈರ್ ಏನಂದ ಅಂತ ನೋಡ್ದೆ" ಎಂದಿದ್ದರು ಒಮ್ಮೆ. ಆ ಎಸೆತವೇ ಲೆಕ್ಕಕ್ಕಿಲ್ಲ ಎಂದಿದ್ದನಂತೆ ಅಂಪೈರ್. ಎಂಥ ವಿಚಿತ್ರ ನಡೆದರೂ ಮೈದಾನದಲ್ಲಿ ಒಬ್ಬರು ತಲೆ ನೆಟ್ಟಗಿಟ್ಟುಕೊಂಡು ಏನಾಯಿತೆಂದು ಹೇಳಲೇಬೇಕಲ್ಲ, ಆಂಟಿಗೆ ಇಷ್ಟವಾಗಿದ್ದು ಆ ಕೆಲಸ.

ಆ ದಿನಗಳಲ್ಲಿ ನನ್ನ ತಲೆ ಮಾತ್ರ ನೆಟ್ಟಗಿರಲಿಲ್ಲ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲೇ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಎಂಜಿನಿಯರ್ ಗಂಡನ ವೀಸಾದ ಮೇಲೆ ಇಲ್ಲಿಗೆ ಬಂದವಳು ನಾನು. ಇಲ್ಲಿ ರೋಗಿಯ ಮೈ ಮುಟ್ಟಬೇಕಾದರೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಬರೆಯುವ ಭಾಗ ಸಲೀಸಾಗಿ ಮುಗಿದಿತ್ತು. ರೋಗಿಯ ಎದುರು ಕೂತು ಮಾತಾಡಿ ತೋರಿಸುವ ಭಾಗದಲ್ಲಿ ಎರಡು ಸಲ ಫೇಲಾಗಿದ್ದೆ. ಎರಡನೇ ಸಲದ ನಂತರ ಕ್ಯಾನಿಂಗ್ಟನ್‌ನ ಅಂಗಡಿಯೊಂದರಲ್ಲಿ ಕೆಲಸ ಕೇಳಿಕೊಂಡು ಬಂದಿದ್ದೆ. ಮುಂದಿನ ವಾರವೇ ಬಾ ಎಂದಿದ್ದರು. ಮೂರನೇ ಸಲಕ್ಕೆ ಕಟ್ಟುವುದಿಲ್ಲ, ಡಾಕ್ಟರಿಕೆ ಇಲ್ಲಿಗೆ ಮುಗಿಯಿತು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಗಂಡನಿಗೆ ಹೇಳಿದೆ, ನಿನ್ನಿಷ್ಟ ಎಂದ. ಆಂಟಿಗೆ ಅಳುತ್ತಲೇ ಹೇಳಿದೆ. ಅವರು ಕೋಡುಬಳೆ ಕರಿಯುತ್ತಿದ್ದರು, ಜಾಲರಿಯಿಂದ ಕಣ್ಣು ತೆಗೆಯಲಿಲ್ಲ.

"ಸಂಡೇ ಆರ್ವೊ ಫ್ರೀನಾ?" ಎಂದರು. ಇಲ್ಲಿ ಮಧ್ಯಾಹ್ನಕ್ಕೆ ಆರ್ವೊ ಎನ್ನುತ್ತಾರೆ. "ಲೇಡೀಸ್ ಟೀಮಲ್ಲಿ ಒಬ್ಳು ಕಮ್ಮಿ ಆಗಿದಾಳೆ. ಬಂದ್ಬಿಡು."

ಅಳುವವಳನ್ನು ಕೂರಿಸಿ ಸಮಾಧಾನ ಮಾಡುವುದು ಬಿಟ್ಟು ಆಟಕ್ಕೆ ಕರೆಯುತ್ತಾರಲ್ಲ ಎಂದು ಸಿಟ್ಟು ಬಂತು. ಆದರೂ ಹೋದೆ. ಮೈಸೂರಿನ ನಮ್ಮ ಬೀದಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿ ಬೆಳೆದವಳು, ಒಂದು ದುಂಡನೆ ಬ್ಯಾಟು ಬೀಸುವುದಕ್ಕೆ ಹೆದರುವುದೇ? ಮೊದಲ ಸಲ ಚೆಂಡಿಗೆ ಬ್ಯಾಟು ತಗುಲಿದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿ, ಕಾಲಲ್ಲಿ ಮುಟ್ಟಬೇಕಾದ ಮೊದಲ ಬೇಸ್‌ನ ಮುಂದೆ ಬ್ಯಾಟನ್ನು ನೆಲಕ್ಕೂರಿ ಜಾರಿಸಿದೆ. ಅಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಈ ಆಟದಲ್ಲಿ ಬ್ಯಾಟನ್ನು ಅಲ್ಲೇ ಬಿಸಾಕಿ ಓಡಬೇಕಂತೆ! ಬೇರೆ ಯಾವ ದೇಶದವಳೂ ಅಲ್ಲಿಯವರೆಗೆ ಬ್ಯಾಟು ಹೊತ್ತುಕೊಂಡು ಬಂದಿರಲಿಲ್ಲವಂತೆ.

ಅಂದು ಅಂಪೈರ್ ಆಂಟಿಯೇ. ಪ್ರತಿ ಸರದಿಗೂ ಮುಂಚೆ ಅವರು ಜೇಬಿನಿಂದ ಆ ಬ್ರಶ್ ತೆಗೆದು, ಬಗ್ಗಿ, ಬ್ಯಾಟು ಮಾಡುವವಳ ಎದುರು ನೆಲದಲ್ಲಿ ಹೂತ ಬಿಳಿಯ ಹೋಮ್ ಪ್ಲೇಟಿನ ಮೇಲಿನ ಮಣ್ಣನ್ನು ಗುಡಿಸುತ್ತಿದ್ದರು. ನಮ್ಮಮ್ಮ ರಂಗೋಲಿಗೆ ಮುಂಚೆ ಹೊಸ್ತಿಲು ಗುಡಿಸುತ್ತಿದ್ದ ಹಾಗೆಯೇ ಇತ್ತು. ಗುಡಿಸುವಾಗ ಮಾತ್ರ ಸುತ್ತಿ ಬಂದು, ಕೂತ ಜನರ ಕಡೆ ಮುಖ ಮಾಡಿಕೊಂಡೇ ಬಗ್ಗುತ್ತಿದ್ದರು. ಜನರಿಗೆ ಹಿಂಭಾಗ ತೋರಿಸಬಾರದು ಎನ್ನುವುದು ಹಾಸನದ ಮರ್ಯಾದೆಯೆಂದು ನಾನು ತಿಳಿದಿದ್ದೆ. ಅಂಪೈರುಗಳೆಲ್ಲ ಪಾಲಿಸುವ ಮರ್ಯಾದೆಯೂ ಅದೇ ಎಂದು ಆಮೇಲೆ ಗೊತ್ತಾಯಿತು.

ಕೊನೆಯ ಸರದಿ. ನಾವು ಒಂದು ರನ್ ಹಿಂದಿದ್ದೆವು. ಇಬ್ಬರು ಔಟಾಗಿದ್ದರು. ನಮ್ಮವಳೊಬ್ಬಳು ಮೂರನೇ ಬೇಸ್‌ನಲ್ಲಿ ಮನೆಗೆ, ಅಂದರೆ ಹೋಮ್ ಪ್ಲೇಟಿಗೆ, ಓಡಿ ಒಂದು ರನ್ ತರಲು ಕಾಯುತ್ತಿದ್ದಳು. ಬ್ಯಾಟು ನನ್ನ ಕೈಯಲ್ಲಿ. ಎರಡು ಎಸೆತಕ್ಕೆ ಬೀಸಿದೆ, ಸಿಗಲಿಲ್ಲ. ಮೂರನೆಯದಕ್ಕೂ ಬೀಸಿದೆ. ಅದೂ ಗಾಳಿಗೇ ಹೋಯಿತು. ಮೂರು ಸಲ ತಪ್ಪಿದರೆ ಔಟ್ ಎಂದಷ್ಟೇ ನನಗೆ ಗೊತ್ತಿತ್ತು. "ಸ್ಟ್ರೈಕ್ ತ್ರೀ!" ಎಂದು ಆಂಟಿಯ ಗಂಟಲು ಮೊಳಗಿತು.

ಔಟಾದ ಮೇಲೆ ಅಂಪೈರ್ ಮುಖ ನೋಡುತ್ತಾ ನಿಲ್ಲಬಾರದು, ಮರ್ಯಾದೆಯಾಗಿ ನಡೆದುಬಿಡಬೇಕು. ಇದು ನಮ್ಮಪ್ಪ ಬೀದಿ ಕ್ರಿಕೆಟ್ಟಿನಲ್ಲೂ ನಮಗೆ ಕಲಿಸಿದ್ದ ಪಾಠ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ಎತ್ತಿಕೊಂಡೇ ನಡೆದೆ. ನಮ್ಮವರು ಬೆಂಚಿನಿಂದ ರನ್, ರನ್ ಎಂದು ಬೊಬ್ಬೆ ಹೊಡೆಯುತ್ತಿದ್ದರು. ಮೂರನೇ ಬೇಸ್‌ನವಳಿಗೆ ಹೇಳುತ್ತಿರಬೇಕು ಎಂದುಕೊಂಡೆ. ಬ್ಯಾಟು ಮಾಡುವ ಜಾಗದ ಸುತ್ತ ಹುಲ್ಲಿಲ್ಲದ ಮಣ್ಣಿನ ವೃತ್ತವೊಂದಿರುತ್ತದೆ. ಅದನ್ನು ದಾಟಿ ಹುಲ್ಲಿನ ಮೇಲೆ ಕಾಲಿಟ್ಟ ಮೇಲೆ ಬೆನ್ನ ಹಿಂದೆ ಆಂಟಿ "ಔಟ್" ಎಂದರು. ಎಂದಿಗಿಂತ ಮೆಲ್ಲಗೆ ಎಂದರು. ನಮ್ಮ ತಂಡದವರು ತಲೆ ಮೇಲೆ ಕೈ ಹೊತ್ತು ಕುಳಿತರು.

ವಾಪಸು ಆಂಟಿಯ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಅವರು ಕೇಳಿದರು.

"ಯಾಕೆ ನಡ್ಕೊಂಡು ಹೋದೆ?"

"ಔಟಾದ್ನಲ್ಲ ಆಂಟಿ!"

"ಸ್ಟ್ರೈಕ್ ತ್ರೀ ಅಂದೆ. ಔಟ್ ಅಂತ ನಾನು ಅಂದ್ನಾ?"

ನನ್ನ ಹಿಂದಿದ್ದ ಕ್ಯಾಚರ್ ಆ ಚೆಂಡನ್ನು ಹಿಡಿದೇ ಇರಲಿಲ್ಲವಂತೆ. ಅದು ಅವಳ ಕಾಲ ಸಂದಿಯಿಂದ ತೂರಿ ಬೇಲಿಯ ತನಕ ಉರುಳಿಕೊಂಡು ಹೋಗಿತ್ತಂತೆ. ಹಾಗಾದಾಗ ಮೂರನೇ ಸ್ಟ್ರೈಕ್ ಆದವಳೂ ಓಡಬಹುದಂತೆ. ನಾನು ಮೊದಲ ಬೇಸ್ ಮುಟ್ಟಿದ್ದರೆ ಬದುಕುತ್ತಿದ್ದೆ, ಮೂರನೇ ಬೇಸ್‌ನವಳು ಮನೆ ಸೇರುತ್ತಿದ್ದಳು, ಆಟ ಸಮ ಆಗುತ್ತಿತ್ತು. ಹಿಡಿದಿಲ್ಲ ಎಂದು ಆಂಟಿ ಕೈ ಬೀಸಿ ತೋರಿಸಿದರೂ ನಾನು ಆಗಲೇ ಬೆನ್ನು ತಿರುಗಿಸಿದ್ದೆ. ಓಡದೆ ಮಣ್ಣಿನ ವೃತ್ತ ದಾಟಿದ ಮೇಲಷ್ಟೇ ಔಟ್ ಎಂದಿದ್ದರಂತೆ. ಅಂಪೈರ್ ಆದವರು ಓಡು ಎನ್ನುವ ಹಾಗಿಲ್ಲವಲ್ಲ!

"ನಿಮ್ಗೆ ಬಾಯಿ ಕಟ್ಟಿತ್ತು ಸರಿ. ಇದೆಂಥ ದರಿದ್ರ ರೂಲ್ ಆಂಟಿ?" ಎಂದು ರೇಗಿದೆ.

ಅವರು ನಗುತ್ತಾ ಹಳೆಯ ಕಾಲದ ಕತೆಯೊಂದನ್ನು ಹೇಳಿದರು. ಅಮೆರಿಕದ ಫೈನಲ್ ಸರಣಿಯ ಒಂದು ಪಂದ್ಯ. ಒಂದು ತಂಡ ಗೆದ್ದಾಗಿತ್ತು. ಸೋಲುವವರ ಕೊನೆಯ ಆಟಗಾರ ಮೂರನೇ ಎಸೆತಕ್ಕೂ ಗಾಳಿಗೇ ಬೀಸಿದ್ದ, ಜನ ಕೂಗಾಡುತ್ತಾ ಎದ್ದು ನಿಂತಿದ್ದರು. ಅಷ್ಟರಲ್ಲಿ ಕ್ಯಾಚರ್ ಕೈಗೆ ಚೆಂಡು ಸಿಗದೆ ಹಿಂದಕ್ಕೆ ಹೋಯಿತು. ಬ್ಯಾಟು ಹಿಡಿದವನು ತಿರುಗಿ ನೋಡಿದ. ಓಡಿದ. ಅಲ್ಲಿಂದ ಆಟ ಮುಗಿಯುವುದನ್ನೇ ಮರೆತು, ಒಬ್ಬರ ಹಿಂದೊಬ್ಬರು ಹೊಡೆಯುತ್ತಾ ಹೋಗಿ, ಸೋಲುತ್ತಿದ್ದವರೇ ಗೆದ್ದರು.

"ಅವ್ನು ಗ್ರೇಟ್ ಅಂತಲ್ಲ ಕಣೇ. ತಿರುಗಿ ನೋಡ್ದ, ಅಷ್ಟೇ" ಎಂದರು. ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. "ನಿಂಗೆ ಎರಡು ಸಲ ಫೇಲ್ ಅಂದ್ರು. ಡಾಕ್ಟರ್ ಅಲ್ಲ ಅಂತ ಯಾರಾದ್ರೂ ಅಂದ್ರಾ? ಅದನ್ನ ನೀನೇ ಅಂದ್ಕೊಂಡು ನಡೀತಿದ್ದೀಯ."

ಹಸಿರು ಬಿದ್ದಿತು, ಅವರು ಗೇರು ಹಾಕಿದರು. ಮಾರನೆಯ ದಿನ ಅಂಗಡಿಗೆ ಬರುವುದಿಲ್ಲ ಎಂದು ಫೋನ್ ಮಾಡಿದೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಆಂಟಿಯೇ ಒಪ್ಪುವುದಿಲ್ಲ. ಮೂರನೇ ಸಲವೂ ಫೇಲಾದೆ. ಅಷ್ಟರಲ್ಲಿ ಆಂಟಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬ್ರಿಸ್ಬೇನಿನ ಮಗಳ ಮನೆ ಸೇರಿದ್ದರು. ಫೋನ್ ಮಾಡಿ ಸುದ್ದಿ ಹೇಳಿದೆ. ಆ ಕಡೆಯಿಂದ ಮಕ್ಕಳ ಗಲಾಟೆ, ಕುಕ್ಕರ್ ಸದ್ದು ಕೇಳಿಸುತ್ತಿತ್ತು.

"ಮೂರನೇದಾ? ಸರಿ, ಓಡು" ಎಂದು ಫೋನ್ ಇಟ್ಟರು.

ಅಷ್ಟೇ! ಒಂದು ಅಯ್ಯೋ ಇಲ್ಲ, ಒಂದು ಪಾಪ ಇಲ್ಲ. ಆದರೆ ಆ ಒಂದು ಮಾತಿನಲ್ಲಿ ನನ್ನ ಮೇಲೆ ಅವರಿಗಿದ್ದಷ್ಟು ನಂಬಿಕೆ ನನಗೇ ನನ್ನ ಮೇಲಿರಲಿಲ್ಲ. ನಾಲ್ಕನೇ ಸಲ ಪಾಸಾದೆ. ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಇವತ್ತು ನಾನು ಒಳ್ಳೆಯ ಡಾಕ್ಟರ್. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸಂಕೋಚಪಟ್ಟರೆ ಆಂಟಿ ಸುಮ್ಮನೆ ಬಿಡುತ್ತಿರಲಿಲ್ಲ.

ಅವರಿಗೆ ಕಾಯಿಲೆ ಎಂದು ಗೊತ್ತಾಗಿ ಬ್ರಿಸ್ಬೇನಿಗೆ ಹೋದಾಗ ತುಂಬಾ ಇಳಿದುಹೋಗಿದ್ದರು. ಮುಖವಾಡದ ಕಂಬಿಗಳ ಹಿಂದೆ ನೋಡಿ ಅಭ್ಯಾಸವಾಗಿದ್ದ ಮುಖ ದಿಂಬಿನ ಮೇಲೆ ಚಿಕ್ಕದಾಗಿ ಕಂಡಿತು. ಅವರ ಸ್ಕ್ಯಾನನ್ನು ಮಗಳು ನನಗೆ ತೋರಿಸಿದ್ದಳು. ಓದಿದ್ದೆ. ಓದಿದ ಮೇಲೂ ಡಾಕ್ಟರಾಗಿ ಅಲ್ಲ, ಪಕ್ಕದ ಮನೆಯ ಹುಡುಗಿಯಾಗಿ ಹಾಸಿಗೆಯ ಅಂಚಿನಲ್ಲಿ ಕೂತು ಹಠ ಹಿಡಿದೆ.

"ಇನ್ನೂ ಯಾರೂ ಔಟ್ ಅಂದಿಲ್ಲ ಆಂಟಿ."

ಅವರು ನನ್ನ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡರು. ಅಂಪೈರ್ ಗಂಟಲು ಹೋಗಿತ್ತು, ನೋಟ ಹೋಗಿರಲಿಲ್ಲ.

"ಈ ಸಲ ತಿರುಗಿ ನೋಡ್ದೆ ಕಣೇ. ಕ್ಯಾಚರ್ ಗಟ್ಟಿಯಾಗಿ ಹಿಡ್ಕೊಂಡಿದಾನೆ."

ಎಲ್ಲರಿಗೂ ಕೊಟ್ಟ ನ್ಯಾಯವನ್ನೇ ತಮಗೂ ಕೊಟ್ಟುಕೊಂಡರು. ನಾನು ಅತ್ತೆ, ಅವರು ಅಳಲಿಲ್ಲ. ಕೊನೆಗೆ ಚರ್ಚಿನಲ್ಲಿ ಅವರನ್ನು ಕಳಿಸಿಕೊಟ್ಟ ಮೇಲೆ ಮಗಳು ಈ ಬ್ರಶ್ ತಂದು ನನ್ನ ಕೈಗಿಟ್ಟಳು. ಇನ್ನು ಮನೆಯಲ್ಲಿ ಯಾರಿಗೂ ಇದರ ಉಪಯೋಗವಿಲ್ಲ ಎಂದಳು. ತಂದವಳು ನೋಡಲಾರದೆ ಕಪಾಟಿನ ಹಿಂದಕ್ಕೆ ಸರಿಸಿದ್ದೆ...

ಇವತ್ತು ಅದು ಕೈಗೆ ಬಂದ ಮೇಲೆ ಮತ್ತೆ ಒಳಗಿಡಲು ಮನಸ್ಸಾಗಲಿಲ್ಲ. ಬಾಗಿಲ ಹೊರಗೆ ಸುತ್ತಿ ಬಂದು, ಬಗ್ಗಿ, ನಮ್ಮ ಮನೆಯ ಹೊಸ್ತಿಲನ್ನು ಆ ಬ್ರಶ್‌ನಿಂದ ಗುಡಿಸಿದೆ. ಅಭ್ಯಾಸವಿಲ್ಲದ ಸೊಂಟ ಹಿಡಿದುಕೊಂಡಿತು. ಆಗ ಹೊಳೆಯಿತು, ಬೀದಿಗೆ ಬೆನ್ನು ಮಾಡಿ ಬಗ್ಗಿದ್ದೆ. ಎದ್ದು, ಒಳಗೆ ಬಂದು, ಬೀದಿಯ ಕಡೆ ಮುಖ ಮಾಡಿ ಇನ್ನೊಂದು ಸಲ ಸರಿಯಾಗಿ ಗುಡಿಸಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಸರಿ ತಪ್ಪು ಹೇಳುವ ಆಂಟಿ ಇನ್ನು ಎಲ್ಲೂ ಇಲ್ಲ. ಕಣ್ಣೊರೆಸಿಕೊಂಡು, ಶೂ ಹುಡುಕಿ ಇನ್ನೊಂದು ಕಾಲಿಗೂ ಹಾಕಿಕೊಂಡೆ. ಆಸ್ಪತ್ರೆಯ ಬಸ್ಸು ಆಗಲೇ ತಿರುವಿನಲ್ಲಿತ್ತು, ಇನ್ನು ಸಿಗುವುದಿಲ್ಲ ಎಂದು ತಿರುಗುವವಳಿದ್ದೆ.

ಓಡಿದೆ.