ಅಪ್ಪ ತೊಳೆದ ಕ್ಯಾನು

ನಮ್ಮಪ್ಪ ರೇಷ್ಮೆ ಹುಳು ಸಾಕುವವರು. ಶಿಡ್ಲಘಟ್ಟ ಸೀಮೆಯಲ್ಲಿ ಹಾಗೆಂದರೆ ಅರ್ಧ ಆಯಸ್ಸು ತೊಳೆಯುವುದರಲ್ಲೇ ಹೋಯಿತು ಎಂದರ್ಥ. ಹುಳುಮನೆಗೆ ಹೋಗುವ ಮುಂಚೆ ಕಾಲು ತೊಳೆ, ಸೊಪ್ಪು ಮುಟ್ಟುವ ಮುಂಚೆ ಕೈ ತೊಳೆ. ಒಂದು ಬೆಳೆ ಮುಗಿಯಿತೋ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ನೆಲ, ಗೋಡೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ನೀರು. ಚಿಕ್ಕವಳಿದ್ದಾಗ ಸ್ಕೂಲಿನಿಂದ ಬಂದ ನನ್ನನ್ನೂ ಅವರು ಅನುಮಾನದಿಂದಲೇ ನೋಡುತ್ತಿದ್ದರು, ಹುಳುವಿಗೆ ಯಾವ ರೋಗ ಹೊತ್ತು ತಂದಳೋ ಅಂತ.

ಪೇಟೆಯ ಒಳಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುವ ಘಟಕವೊಂದು ಬಂತು. ನಡೆಸುವುದು ಗುತ್ತಿಗೆ ಕಂಪನಿ. ಮೊದಲ ವರ್ಷ ನೀರು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಮೇಲೆ ನೊರೆ ಬಂತು, ನಾತ ಬಂತು. ಕೆರೆ ಪಕ್ಕದ ಬೋರ್‌ವೆಲ್ ನೀರನ್ನೇ ಊರೆಲ್ಲ ಕುಡಿಯುವುದು. ಅದಕ್ಕೂ ವಾಸನೆ ಹತ್ತಿದ ಮೇಲೆ ಅಪ್ಪ ನನ್ನ ಕೈಲಿ ದೂರು ಬರೆಸಿದರು.

ಚಿಕ್ಕಬಳ್ಳಾಪುರದ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಅಧಿಕಾರಿ ಅದನ್ನು ಓದಿ, "ಸ್ಟಾಫ್ ಇಲ್ಲಮ್ಮ. ನೀವೇ ನೀರು ಹಿಡ್ಕೊಂಡ್ ಬಂದ್ಬಿಡಿ, ಟೆಸ್ಟ್ ಮಾಡ್ಸೋಣ" ಅಂದರು. ಮೈ ಉರಿಯಿತು. ನೀರು ಕೆಡಿಸುವವರನ್ನು ಹಿಡಿಯಬೇಕಾದವರು ಕುರ್ಚಿಯಲ್ಲಿ, ನೀರು ಹೊರುವವರು ನಾವು! ಆದರೂ ಘಟಕದ ನೀರು ಕೆರೆಗೆ ಬೀಳುವ ಕಡೆ ಪಂಚಾಯ್ತಿ ಸದಸ್ಯರ ಎದುರಿಗೇ ಕ್ಯಾನು ತುಂಬಿದೆವು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬಂದೆ.

ವರದಿ ಬಂತು: ರೋಗಾಣು ಇಲ್ಲ, ಕ್ಲೋರಿನ್ ಬೇಕಾದಷ್ಟಿದೆ. ಕಂಪನಿಯವರು ಅದರ ಪ್ರತಿಯನ್ನು ಗೇಟಿಗೇ ಅಂಟಿಸಿಕೊಂಡರು. ದೂರು ಮುಕ್ತಾಯ ಮಾಡಲು ವಿಚಾರಣೆಗೆ ಬನ್ನಿ ಎಂದು ನಮಗೆ ಪತ್ರ.

ನಾನು ಚಿಂತಾಮಣಿಯಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಕ್ಲೋರಿನ್ ಎಂಬಲ್ಲಿ ಕಣ್ಣು ನಿಂತಿತು.

"ಅಪ್ಪ, ಆ ಕ್ಯಾನ್ ತೊಳೆದ್ಯಾ?"

"ತೊಳೀದೆ ಏನಮ್ಮ! ಆಫೀಸಿಗೆ ಕೊಡೋದು. ಬ್ಲೀಚಿಂಗ್ ಹಾಕಿ ಚೆನ್ನಾಗಿ ಕುಲುಕ್ದೆ. ಒಂಚೂರು ಒಳಗೇ ಬಿಟ್ಟಿದ್ದೆ, ಯಾವ ರೋಗಾನೂ ಹತ್ತದೆ ಇರ್ಲಿ ಅಂತ."

"ಅಯ್ಯೋ ನಿನ್ನ! ಆ ಕ್ಲೋರಿನ್ ನಿನ್ನ ಬ್ಲೀಚಿಂಗಿಂದೇ! ಆ ರೋಗ ತೋರ್ಸಕ್ಕೇ ಅಲ್ವಾ ಕೊಟ್ಟಿದ್ದು!"

ಕೂಗಾಡಿಬಿಟ್ಟೆ. ಅವರು ಆ ಹೊತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ನನಗೇ ನಾಚಿಕೆಯಾಯಿತು. ಕ್ಯಾನನ್ನು ಅಷ್ಟು ದೂರ ಹೊತ್ತವಳು ಒಮ್ಮೆಯೂ ಮೂಸಿ ನೋಡಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಒಕ್ಕಾಲು ಮಾತ್ರ ಇತ್ತು. ನಿಜ ಹೇಳಿದರೆ ನೀರಿಗೆ ಕೈ ಹಾಕಿದವರು ನಾವೇ ಆಗುತ್ತೇವೆ. ಹೇಳದಿದ್ದರೆ ದೂರು ಮುಗಿಯುತ್ತದೆ, ಊರು ಆ ನೀರನ್ನೇ ಕುಡಿಯುತ್ತದೆ.

ವಿಚಾರಣೆಯ ದಿನ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತು ಎಲ್ಲ ಒಪ್ಪಿಕೊಂಡರು. ಕಂಪನಿಯ ಮ್ಯಾನೇಜರ್ ನಕ್ಕರು.

"ನಗ್ರಪ್ಪ, ನನ್ನ ತಪ್ಪೇ" ಅಂದರು ಅಪ್ಪ. "ಆದ್ರೆ ಗೇಟಿಗೆ ಅಂಟ್ಸಿರೋದು ನನ್ನ ಒಂದು ಚಮಚ ಪೌಡರಿನ ಸರ್ಟಿಫಿಕೇಟು. ದಿನಾ ನೀವೂ ಹಾಕ್ತೀವಿ ಅಂತ ಇಲ್ಲೇ ಹೇಳ್ಬಿಡಿ, ನಾನು ಮನೆಗೆ ಹೋಗ್ತೀನಿ."

ಮ್ಯಾನೇಜರ್ ದಾಖಲೆ ನೋಡಿ ಹೇಳುತ್ತೇನೆ ಎಂದರು. ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಈ ವರದಿ ನಡೆಯಲ್ಲ ಬಿಡಿ. ಇನ್ನೊಂದ್ ಸಲ ನೀರು ತನ್ನಿ."

"ನಾನು ತರಲ್ಲ ಸಾರ್. ನನ್ನ ಕೈ ತೊಳೀದೆ ಇರಲ್ಲ. ನೀವೇ ಬನ್ನಿ."

ಕೊನೆಗೆ ಅಧಿಕಾರಿ ಡೈರಿ ತೆಗೆದು ಹಾಳೆ ತಿರುವತೊಡಗಿದರು. ಒಂದು ಹಾಳೆಯಲ್ಲಿ ಬೆರಳು ನಿಂತಿತು. ಮ್ಯಾನೇಜರ್ ಕುರ್ಚಿ ಮುಂದಕ್ಕೆಳೆದು, "ಯಾವತ್ತು ಅಂತ ಹೇಳಿ ಸಾರ್, ಎಲ್ಲ ರೆಡಿ ಮಾಡಿಟ್ಟಿರ್ತೀವಿ" ಅಂದರು.

ಅಪ್ಪ ಮೇಜಿನಾಚೆಗೆ ಬಾಗಿ ಆ ಹಾಳೆಯ ಮೇಲೆ ಅಂಗೈ ಇಟ್ಟುಬಿಟ್ಟರು.

"ಹೇಳ್ಬೇಡಿ ಸಾರ್."